ಗೋಡೆಯ ಮೇಲಿನ ಗುರಿ

ಕಳೆದ ಭಾನುವಾರ ಮೂಡಲಗಿಯಲ್ಲಿರುವ ನನ್ನ ಅಕ್ಕನ ಮನೆಗೆ ಹೋಗಿದ್ದೆ. ಪಡಸಾಲೆಯಲ್ಲಿ ಕುಳಿತು ಚಹದ ಬಟ್ಟಲನ್ನು ತುಟಿಗೆ ತರುವಷ್ಟರಲ್ಲಿ ಹಿತ್ತಲ ಕಡೆಯಿಂದ ‘ಧಪ್’ ಎಂದು ಸದ್ದಾಯಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೊಂದು, ಆಮೇಲೆ ಇನ್ನೊಂದು. ಆ ಮನೆಯವರಿಗೆ ಈ ಸದ್ದು ಗಡಿಯಾರದ ಸದ್ದಿನಷ್ಟೇ ರೂಢಿಯಾಗಿದೆ. ಆದರೆ ನೆರೆಮನೆಯ ಹಿರಿಯರೊಬ್ಬರು ಅಂದು ನನ್ನೆದುರಿಗೆ ಕುಳಿತಿದ್ದರು. ಅವರು ಹಿತ್ತಲ ಕಡೆ ಕಣ್ಣು ಹೊರಳಿಸಿ, “ಪಂದ್ಯ ಮುಗಿದ ಹೋತಲ್ಲರಿ ಮಾಸ್ತರ, ಆಯ್ಕೆನೂ ಆಗಲಿಲ್ಲ ಅಂತ ಕೇಳಿದೆ. ಇನ್ನ್ಯಾಕ ಒಗಿಲಿಕ್ಕತ್ತಾಳ ಹುಡುಗಿ?” ಎಂದು ಕೇಳಿದರು.

ನ್ಯಾಯವಾದ ಪ್ರಶ್ನೆಯೇ. ಫಲ ಕೈಗೆ ಬಾರದ ಮೇಲೂ ಕೆಲಸವನ್ನು ಮುಂದುವರಿಸುವವರನ್ನು ಲೋಕವು ಒಂದೋ ಹುಚ್ಚರೆನ್ನುತ್ತದೆ, ಇಲ್ಲವೇ ಋಷಿಗಳೆನ್ನುತ್ತದೆ. ನನ್ನ ಅಕ್ಕನ ಮಗಳು ಇವೆರಡರಲ್ಲಿ ಯಾವುದೂ ಅಲ್ಲ. ಹದಿನೈದು ತುಂಬಿದ, ಹತ್ತನೆಯ ತರಗತಿಯಲ್ಲಿ ಓದುತ್ತಿರುವ, ಬೆಳಿಗ್ಗೆ ಎಬ್ಬಿಸಿದರೆ ಮುಖ ಊದಿಸುವ ಸಾಧಾರಣ ಹುಡುಗಿ. ಆ ಹಿರಿಯರಿಗೆ ಅಂದು ನಾನು ಸರಿಯಾದ ಉತ್ತರವನ್ನು ಕೊಡಲಿಲ್ಲ. ಈ ವಾರದ ಅಂಕಣವೇ ಆ ಉತ್ತರವೆಂದು ಓದುಗರು ತಿಳಿಯಬೇಕು. ಅದರಲ್ಲಿ ನನ್ನ ತಪ್ಪೊಪ್ಪಿಗೆಯೂ ಸೇರಿಕೊಂಡಿದೆ.

ಹುಡುಗಿ ಆಡುವ ಆಟ ಸಾಫ್ಟ್‌ಬಾಲ್. ಹೆಸರನ್ನು ಕೇಳಿದ ಕೂಡಲೇ ನಮ್ಮ ಮನೆಯಲ್ಲಿ ಎಲ್ಲರಿಗೂ ಸಮಾಧಾನವಾಗಿತ್ತು. ಮೆತ್ತನೆಯ ಚೆಂಡಲ್ಲವೇ, ಪೆಟ್ಟಾಗುವ ಭಯವಿಲ್ಲವೆಂದು. ಆಕೆ ಮೊದಲ ದಿನ ಚೆಂಡನ್ನು ಮನೆಗೆ ತಂದಾಗ ನಮ್ಮ ಭ್ರಮೆ ಹರಿಯಿತು. ಹನ್ನೆರಡು ಅಂಗುಲ ಸುತ್ತಳತೆಯ ಗಟ್ಟಿ ಚೆಂಡು ಅದು. ತೂಕದಲ್ಲಿ ಕ್ರಿಕೆಟ್ಟಿನ ಚೆಂಡನ್ನೂ ಮೀರಿಸುತ್ತದೆ. ಹೆಸರೊಂದು, ಗುಣವೊಂದು. ನಮ್ಮಲ್ಲಿ ಕುರುಡನಿಗೆ ಕಮಲಾಕ್ಷನೆಂದು ಹೆಸರಿಡುವುದಿಲ್ಲವೇ, ಹಾಗೆ.

ಆದರೆ ಹುಟ್ಟಿದಾಗ ಅದು ನಿಜವಾಗಿಯೂ ಮೆತ್ತಗಿತ್ತು. ೧೮೮೭ರ ನವೆಂಬರ್ ತಿಂಗಳಲ್ಲಿ ಅಮೆರಿಕದ ಶಿಕಾಗೋ ನಗರದ ಒಂದು ದೋಣಿ ಕ್ಲಬ್ಬಿನಲ್ಲಿ ಕೆಲವು ತರುಣರು ಎರಡು ವಿಶ್ವವಿದ್ಯಾಲಯಗಳ ಫುಟ್‌ಬಾಲ್ ಪಂದ್ಯದ ಸುದ್ದಿಗಾಗಿ ಕಾಯುತ್ತಿದ್ದರು. ಸುದ್ದಿ ಬಂದ ಹುರುಪಿನಲ್ಲಿ ಒಬ್ಬನು ಮುಷ್ಟಿಯುದ್ಧದ ಹಳೆಯ ಕೈಚೀಲವನ್ನು ಎಸೆದನಂತೆ. ಇನ್ನೊಬ್ಬನು ಅದನ್ನು ಕೋಲಿನಿಂದ ಬಾರಿಸಿದನಂತೆ. ಜಾರ್ಜ್ ಹ್ಯಾನ್‌ಕಾಕ್ ಎಂಬ ಚತುರನು ಆ ಕೈಚೀಲವನ್ನು ದಾರದಿಂದ ಬಿಗಿದು ಚೆಂಡು ಮಾಡಿ, ನೆಲದ ಮೇಲೆ ಸೀಮೆಸುಣ್ಣದಿಂದ ಅಂಕಣ ಬರೆದು, ಆಟವೊಂದನ್ನು ಕಟ್ಟಿಯೇ ಬಿಟ್ಟನು. ನಮ್ಮ ಗೋಕಾಕ ಜಲಪಾತದ ದಡದಲ್ಲಿ ನೂಲಿನ ಗಿರಣಿ ತಲೆಯೆತ್ತಿದ ಅದೇ ದಶಕದ ಸಂಗತಿ ಇದು. ಮುಂದೆ ‘ಬೆಕ್ಕಿನ ಮರಿಯ ಚೆಂಡು’ ಎಂಬಂಥ ಮುದ್ದು ಹೆಸರುಗಳನ್ನೂ ಹೊತ್ತ ಈ ಆಟಕ್ಕೆ ‘ಸಾಫ್ಟ್‌ಬಾಲ್’ ಎಂಬ ನಾಮಕರಣವಾದದ್ದು ೧೯೨೬ರಲ್ಲಿ. ಭಾರತದಲ್ಲಿ ಇದರ ಸಂಘ ಸ್ಥಾಪನೆಯಾದದ್ದು ೧೯೬೧ರಲ್ಲಿ. ಮೂಡಲಗಿಯ ನನ್ನ ಸೋದರಸೊಸೆಯ ಕೈಗೆ ಅದು ಬಂದದ್ದು ಎರಡು ವರ್ಷಗಳ ಹಿಂದೆ, ಉತ್ಸಾಹಿಗಳಾದ ಒಬ್ಬ ವ್ಯಾಯಾಮ ಶಿಕ್ಷಕರ ದೆಸೆಯಿಂದ.

ಆಟದ ನಿಯಮಗಳೆಲ್ಲವನ್ನೂ ಇಲ್ಲಿ ಹೇಳುವುದು ಬೇಡ. ಪಿಚರ್ ಎಂದು ಕರೆಯಲಾಗುವ ಎಸೆತಗಾರ್ತಿಯ ಕೆಲಸವನ್ನು ಮಾತ್ರ ಓದುಗರು ಗಮನಿಸಬೇಕು. ಆಕೆ ಅಂಗಳದ ನಡುವೆ ಒಂಟಿಯಾಗಿ ನಿಂತು, ಬಲಗೈಯನ್ನು ಗಾಳಿಯಂತ್ರದ ರೆಕ್ಕೆಯಂತೆ ಒಂದು ಪೂರ್ಣ ಸುತ್ತು ತಿರುಗಿಸಿ, ಸೊಂಟದ ಬಳಿಯಲ್ಲಿ ಚೆಂಡನ್ನು ಬಿಡಬೇಕು. ಭುಜದ ಮೇಲಿಂದ ಎಸೆಯುವಂತಿಲ್ಲ. ದೊಡ್ಡವರ ಪಂದ್ಯಗಳಲ್ಲಿ ಆಕೆಗೂ ದಾಂಡು ಹಿಡಿದವಳಿಗೂ ನಡುವಿನ ಅಂತರ ೪೩ ಅಡಿ. ಮಕ್ಕಳಿಗೆ ಅದಕ್ಕಿಂತ ಕಡಿಮೆ. ಚೆಂಡು ಹದಿನೇಳು ಅಂಗುಲ ಅಗಲದ ಒಂದು ಫಲಕದ ಮೇಲೆ, ದಾಂಡಿನವಳ ಮೊಣಕಾಲಿಗೂ ಎದೆಗೂ ನಡುವಿನ ಎತ್ತರದಲ್ಲಿ ಹಾದುಹೋಗಬೇಕು. ಗಾಳಿಯಲ್ಲಿ ತೂಗುಹಾಕಿದ ಕಾಣದ ಕಿಟಕಿ ಅದೆಂದು ಭಾವಿಸಿದರೆ ಸರಿಯಾದೀತು. ಕಿಟಕಿಯಿಂದ ಆಚೆಗೆ ನಾಲ್ಕು ಎಸೆತಗಳು ಹೋದವೆಂದರೆ ಎದುರಾಳಿಯು ದಾಂಡನ್ನು ಬೀಸುವ ಶ್ರಮವೂ ಇಲ್ಲದೆ ಮೊದಲನೆಯ ಠಾಣ್ಯಕ್ಕೆ ನಡೆದುಹೋಗುತ್ತಾಳೆ. ಪುಕ್ಕಟೆ ದಾರಿ! ಆಟದಲ್ಲಿ ಎಸೆತಗಾರ್ತಿಗೆ ಇದಕ್ಕಿಂತ ಹೆಚ್ಚಿನ ಅಪಮಾನವಿಲ್ಲ. ಎದುರಾಳಿಯು ಚೆಂಡನ್ನು ದೂರಕ್ಕೆ ಬಾರಿಸಿದರೆ ಅವಳ ಬಲವೆನ್ನಬಹುದು. ಪುಕ್ಕಟೆ ದಾರಿಗೆ ಮಾತ್ರ ತನ್ನನ್ನೇ ದೂರಿಕೊಳ್ಳಬೇಕು.

ಹುಡುಗಿಗೆ ಈ ಸ್ಥಾನ ದೊರೆತ ಸುದ್ದಿ ಕೇಳಿ ನಾನು ಹಿಗ್ಗಿದೆ. ಕಾಲೇಜಿನಲ್ಲಿ ಪಾಠ ಹೇಳುವವರಿಗೆ ಒಂದು ಚಟವಿರುತ್ತದೆ. ಯಾರಾದರೂ ಏನನ್ನಾದರೂ ಆರಂಭಿಸಿದರೆ ಸಾಕು, ಅವರಿಗೆ ಉಪದೇಶ ಮಾಡದೆ ಬಿಡಲಾರರು. “ಮುಂದೆ ಗುರಿ ಇರಬೇಕು, ಹಿಂದೆ ಗುರು ಇರಬೇಕು” ಎಂಬ ಗಾದೆಯನ್ನು ಹೇಳಿದೆ. ಅಷ್ಟಕ್ಕೇ ನಿಲ್ಲಲಿಲ್ಲ. ದೊಡ್ಡದೊಂದು ಕಾಗದದ ಮೇಲೆ ಕೆಂಪು ಮಸಿಯಲ್ಲಿ ‘ರಾಜ್ಯ ತಂಡ’ ಎಂದು ಬರೆದು ಆಕೆಯ ಓದುವ ಮೇಜಿನ ಎದುರಿನ ಗೋಡೆಗೆ ಅಂಟಿಸಿದೆ. “ದಿನಾಲು ಇದನ್ನ ನೋಡು. ಮನಸ್ಸಿನ್ಯಾಗ ಇಟಗೊ” ಎಂದೆ. ಬಂಧುಗಳು ಬಂದಾಗಲೆಲ್ಲ ಆ ಕಾಗದವನ್ನು ತೋರಿಸಿ ಬೀಗುತ್ತಿದ್ದವನೂ ನಾನೇ.

ಕಳೆದ ವರ್ಷದ ಮಳೆಗಾಲದ ಕೊನೆಯಲ್ಲಿ ಹುಕ್ಕೇರಿಯಲ್ಲಿ ಶಾಲಾ ತಂಡಗಳ ಪಂದ್ಯ ನಡೆಯಿತು. ನಾನು ಗೋಕಾಕದಿಂದ ಹೋದೆ. ಹುಕ್ಕೇರಿಯ ಹಳೆಯ ಗುಮ್ಮಟಗಳನ್ನು ಹುಡುಗಿಗೆ ತೋರಿಸಬೇಕು, ಬರುವಾಗ ಹಿಡಕಲ್ ಅಣೆಕಟ್ಟಿನ ನೀರನ್ನು ನೋಡಿಕೊಂಡು ಬರಬೇಕು, ಗೆಲುವಿನ ಸಂತೋಷಕ್ಕೆ ಹಂಚಲು ಚೀಲದಲ್ಲಿ ಗೋಕಾಕದ ಕರದಂಟು ಇರಬೇಕು! ಎಲ್ಲವೂ ಸಿದ್ಧವಾಗಿತ್ತು, ಗೆಲುವೊಂದರ ಹೊರತು.

ಮೊದಲನೆಯ ಚೆಂಡು ಕ್ಯಾಚರಳ ತಲೆಯ ಮೇಲಿಂದ ಹೋಯಿತು. ಎರಡನೆಯದು ನೆಲಕ್ಕೆ ಬಡಿದು ಧೂಳೆಬ್ಬಿಸಿತು. ಮೂರು, ನಾಲ್ಕು, ಮೊದಲ ಹುಡುಗಿ ಪುಕ್ಕಟೆಯಾಗಿ ನಡೆದಳು. ಅವಳ ಹಿಂದೆ ಇನ್ನೊಬ್ಬಳು. ಎರಡು ಸರದಿಗಳು ಮುಗಿಯುವಷ್ಟರಲ್ಲಿ ಒಂಬತ್ತು ಮಂದಿ ಹೀಗೆ ನಡೆದಿದ್ದರು. ಒಂಬತ್ತು! ಪ್ರತಿ ಎಸೆತಕ್ಕೂ ಮುನ್ನ ಆಕೆ ನಾನಿದ್ದ ಕಡೆಗೊಮ್ಮೆ ನೋಡುತ್ತಿದ್ದಳು. ನಾನು ಕೈಬೀಸಿ, ಕೂಗಿ, ಹುರಿದುಂಬಿಸುತ್ತಿದ್ದೆ. ನಾನು ಕೂಗಿದಷ್ಟೂ ಚೆಂಡು ಕಿಟಕಿಯಿಂದ ದೂರ ಸರಿಯುತ್ತಿತ್ತೆಂಬುದು ಆಗ ನನಗೆ ಹೊಳೆಯಲಿಲ್ಲ. ಶಿಕ್ಷಕರು ಅವಳನ್ನು ಹಿಂದಕ್ಕೆ ಕರೆದು ಬೇರೊಬ್ಬಳನ್ನು ನಿಲ್ಲಿಸಿದರು. ತಂಡ ಸೋತಿತು.

ಹಿಂದಿರುಗುವಾಗ ಬಸ್ಸಿನಲ್ಲಿ ಆಕೆ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಕುಳಿತಳು. ಎರಡೂ ಕಡೆ ಆಳೆತ್ತರದ ಕಬ್ಬು. ಘಟಪ್ರಭಾ ದಾಟುವವರೆಗೆ ಮಾತಿಲ್ಲ. ಅನಂತರ ಮೆಲ್ಲಗೆ ಹೇಳಿದಳು: “ಮಾಮಾ, ಚೆಂಡು ಕೈಯಾಗ ಹಿಡದಾಗ ನನಗ ಆ ಕಿಟಕಿ ಕಾಣಸಲೇ ಇಲ್ಲ. ನೀವು ಗೋಡೆಗೆ ಹಚ್ಚಿದ ಕಾಗದನ ಕಾಣಸ್ತಿತ್ತು.”

ಓದುಗರೇ, ಹದಿಮೂರು ವರ್ಷಗಳಿಂದ ನಾನು ಕನ್ನಡ ಪಾಠ ಹೇಳುತ್ತಿದ್ದೇನೆ. ನನಗೆ ಯಾರೂ ಅಷ್ಟು ಚಿಕ್ಕ ವಾಕ್ಯದಲ್ಲಿ ಅಷ್ಟು ದೊಡ್ಡ ಪಾಠವನ್ನು ಹೇಳಿರಲಿಲ್ಲ.

ಅಂದು ರಾತ್ರಿ ನಾನು ‘ಗುರಿ’ ಎಂಬ ಶಬ್ದದ ಬಗೆಗೇ ಯೋಚಿಸುತ್ತ ಮಲಗಿದೆ. ನಮ್ಮ ಭಾಷೆಯಲ್ಲಿ ಬೇಟೆಗಾರನು ಬಾಣವಿಡುವ ಜಾಗಕ್ಕೂ ಗುರಿಯೆನ್ನುತ್ತೇವೆ, ಮನುಷ್ಯನು ಬಾಳಿನಲ್ಲಿ ಮುಟ್ಟಬೇಕೆಂದು ಬಯಸುವ ಸ್ಥಾನಕ್ಕೂ ಗುರಿಯೆನ್ನುತ್ತೇವೆ. ಮೊದಲನೆಯದು ಕಣ್ಣಿಗೆ ಕಾಣುತ್ತದೆ, ಅದಕ್ಕೆ ಅಳತೆಯಿದೆ, ಬಾಣ ತಾಕಿತೋ ಇಲ್ಲವೋ ಎಂಬುದು ಆ ಕ್ಷಣದಲ್ಲಿಯೇ ತಿಳಿಯುತ್ತದೆ. ಎರಡನೆಯದಕ್ಕೆ ಈ ಗುಣಗಳಿಲ್ಲದಿದ್ದರೆ ಅದು ಗುರಿಯಲ್ಲ, ಬರಿಯ ಆಸೆ. ‘ರಾಜ್ಯ ತಂಡ’ ಎಂಬುದು ನನ್ನ ಆಸೆಯಾಗಿತ್ತು. ಅದಕ್ಕೆ ಗುರಿಯ ಅಂಗಿಯನ್ನು ತೊಡಿಸಿ ಮಗುವಿನ ಎದುರಿಗೆ ನಿಲ್ಲಿಸಿದ್ದೆ. ತಂಡವನ್ನು ಆರಿಸುವವರು ಯಾರೋ. ಆ ದಿನ ಎದುರಿಗೆ ಬರುವ ಎಸೆತಗಾರ್ತಿ ಯಾವ ಊರಿನವಳೋ. ಮಳೆ ಬಂದು ಅಂಗಳ ಕೆಸರಾದರೆ ಏನು ಗತಿಯೋ! ಇವುಗಳಲ್ಲಿ ಒಂದಾದರೂ ಹುಡುಗಿಯ ಕೈಯಲ್ಲಿಲ್ಲ. ಅವಳ ಕೈಯಲ್ಲಿದ್ದದ್ದು ಒಂದು ಚೆಂಡು. ನಾನು ಅವಳಿಗೆ ಅದೊಂದನ್ನೇ ನೋಡಲು ಬಿಟ್ಟಿರಲಿಲ್ಲ.

ಗುರಿಯ ಮಾತು ಬಂದಾಗ ನಾವೆಲ್ಲರೂ ಅರ್ಜುನನ ಹಕ್ಕಿಯ ಕಣ್ಣಿನ ಕಥೆಯನ್ನು ಹೇಳುತ್ತೇವೆ. ನಾನೂ ಎಷ್ಟೋ ಸಲ ಹೇಳಿದ್ದೇನೆ. ಆದರೆ ಮಹಾಭಾರತದ ಅದೇ ಆದಿಪರ್ವದಲ್ಲಿ ಇನ್ನೊಂದು ಕಥೆಯಿದೆ. ಅದನ್ನು ನಾವು ಮರೆತಿದ್ದೇವೆ. ಒಂದು ರಾತ್ರಿ ಅರ್ಜುನನು ಊಟಕ್ಕೆ ಕುಳಿತಿದ್ದಾಗ ಗಾಳಿ ಬೀಸಿ ದೀಪ ಆರಿಹೋಯಿತು. ಕತ್ತಲೆಯಲ್ಲಿಯೂ ಊಟ ನಿಲ್ಲಲಿಲ್ಲ. ಕೈ ತಾನಾಗಿಯೇ ಬಾಯಿಯನ್ನು ಹುಡುಕಿಕೊಂಡು ಹೋಗುತ್ತಿತ್ತು. ಅಭ್ಯಾಸದ ಮಹಿಮೆ ಇದೆಂಬುದು ಆಗ ಅವನಿಗೆ ಹೊಳೆಯಿತು. ಅಂದಿನಿಂದ ಅವನು ಇರುಳಿನಲ್ಲಿಯೂ ಬಿಲ್ಲಿನ ಅಭ್ಯಾಸಕ್ಕೆ ತೊಡಗಿದನು; ಹೆದೆಯ ಸದ್ದನ್ನು ಕೇಳಿ ದ್ರೋಣನೇ ಎದ್ದು ಬಂದು ಅವನನ್ನು ಅಪ್ಪಿಕೊಂಡನು. ಹಕ್ಕಿಯ ಕಣ್ಣು ಕಾಣುವುದಕ್ಕೆ ಮುಂಚೆ ಕೈಗೆ ಇಂಥ ಪಾಠವಾಗಬೇಕು. ಕತ್ತಲೆಯ ಕಥೆಯನ್ನು ಬಿಟ್ಟು ಕಣ್ಣಿನ ಕಥೆಯನ್ನು ಮಾತ್ರ ಮಕ್ಕಳಿಗೆ ಹೇಳುವುದು, ಅಡಿಪಾಯವನ್ನು ಬಿಟ್ಟು ಕಳಸವನ್ನು ತೋರಿಸಿದಂತೆ.

ಇದು ಕೇವಲ ಪುರಾಣದ ಮಾತೆಂದು ಯಾರಾದರೂ ಅನ್ನಬಹುದು. ಈ ಕಾಲದ ಮನಶ್ಶಾಸ್ತ್ರಜ್ಞರೂ ಹತ್ತಿರಹತ್ತಿರ ಇದನ್ನೇ ಹೇಳಿದ್ದಾರೆ. ಅಮೆರಿಕದ ಬ್ಯಾರಿ ಝಿಮ್ಮರ್‌ಮನ್ ಮತ್ತು ಅನಸ್ತಾಸಿಯಾ ಕಿಟ್ಸಾಂಟಾಸ್ ಎಂಬ ಇಬ್ಬರು ವಿದ್ವಾಂಸರು ೧೯೯೭ರಲ್ಲಿ ಪ್ರೌಢಶಾಲೆಯ ತೊಂಬತ್ತು ಹುಡುಗಿಯರ ಕೈಗೆ ಪುಟ್ಟ ಈಟಿಗಳನ್ನು ಕೊಟ್ಟು ವೃತ್ತಗಳಿದ್ದ ಫಲಕಕ್ಕೆ ಎಸೆಯಲು ಕಲಿಸಿದ ಪ್ರಯೋಗವನ್ನು ಪ್ರಕಟಿಸಿದರು. ಕೆಲವರಿಗೆ ‘ಹೆಚ್ಚು ಅಂಕ ಗಳಿಸಿರಿ’ ಎಂಬುದೇ ಗುರಿ. ಕೆಲವರಿಗೆ ‘ಕೈಯನ್ನು ಹೀಗೆ ಹಿಡಿಯಿರಿ, ಹೀಗೆ ಬಿಡಿರಿ’ ಎಂಬ ವಿಧಾನವೇ ಗುರಿ. ಇನ್ನು ಕೆಲವರಿಗೆ ಮೊದಲು ವಿಧಾನ. ಅದು ಕೈಗೆ ಹತ್ತಿದ ಮೇಲೆ ಅಂಕ. ಅಂಕವನ್ನೇ ನೋಡುತ್ತ ಎಸೆದವರು ಎಲ್ಲರಿಗಿಂತ ಹಿಂದೆ ಬಿದ್ದರು. ವಿಧಾನವನ್ನು ಹಿಡಿದವರು ಅವರಿಗಿಂತ ಮುಂದಾದರು. ಮೊದಲು ವಿಧಾನವನ್ನು ಕಲಿತು ಆಮೇಲೆ ಅಂಕಕ್ಕೆ ತಿರುಗಿದವರು ಎಲ್ಲರಿಗಿಂತಲೂ ಮುಂದೆ ನಿಂತರು. ತಮ್ಮ ಪ್ರಗತಿಯನ್ನು ತಾವೇ ಬರೆದಿಟ್ಟುಕೊಂಡವರಿಗೆ ಅದರಿಂದ ಇನ್ನಷ್ಟು ಲಾಭವಾಯಿತು. ಫಲವನ್ನು ಬಯಸುವುದು ತಪ್ಪೆಂದು ಈ ಪ್ರಯೋಗ ಹೇಳುವುದಿಲ್ಲ. ಫಲದ ಕಡೆ ನೋಡುವುದಕ್ಕೂ ಒಂದು ವೇಳೆಯಿದೆ, ಅದು ಮೊದಲಲ್ಲ, ಕೊನೆಗೆ ಎನ್ನುತ್ತದೆ.

ಮರುವಾರ ನಾನು ಮೂಡಲಗಿಗೆ ಹೋದಾಗ ಕೆಂಪು ಮಸಿಯ ಕಾಗದ ಗೋಡೆಯ ಮೇಲಿರಲಿಲ್ಲ. ಅದರ ಹಿಂಬದಿಯಲ್ಲಿ ಹುಡುಗಿ ಗೆರೆ ಹಾಕಿ ಲೆಕ್ಕದ ಪಟ್ಟಿಯನ್ನು ಮಾಡಿದ್ದಳು. ಹಿತ್ತಲ ಕಲ್ಲಿನ ಗೋಡೆಗೆ ಹತ್ತಿ ತುಂಬಿದ ಗೋಣಿಚೀಲವೊಂದನ್ನು ತೂಗುಹಾಕಿ, ಅದರ ಮೇಲೆ ಸುಣ್ಣದಿಂದ ಹದಿನೇಳು ಅಂಗುಲ ಅಗಲದ ಕಿಟಕಿಯನ್ನು ಬರೆದಿದ್ದಳು. ವ್ಯಾಯಾಮ ಶಿಕ್ಷಕರು ಹೇಳಿಕೊಟ್ಟ ಕ್ರಮ ಹೀಗಿತ್ತು: ಮೊದಲು ಇಪ್ಪತ್ತು ಅಡಿ ದೂರದಿಂದ, ಕೈ ಸುತ್ತಿಸದೆ, ಮಣಿಕಟ್ಟಿನ ತಿರುವಿನಿಂದಷ್ಟೇ ಎಸೆಯುವುದು. ಅದು ಹದಕ್ಕೆ ಬಂದ ಮೇಲೆ ಮೂವತ್ತು ಅಡಿಯಿಂದ ಅರ್ಧ ಸುತ್ತು. ಕಡೆಗೆ ನಲವತ್ತು ಅಡಿಯಿಂದ ಪೂರ್ಣ ಸುತ್ತು. ದಿನಕ್ಕೆ ಐವತ್ತು ಎಸೆತ, ವಾರಕ್ಕೆ ನಾಲ್ಕು ದಿನ. ವೇಗದ ಮಾತನ್ನು ಆರು ತಿಂಗಳು ಎತ್ತಬಾರದು.

ಮೊದಲ ದಿನ ಐವತ್ತರಲ್ಲಿ ಹದಿನಾರು ಚೆಂಡುಗಳು ಕಿಟಕಿಯೊಳಗೆ ಬಿದ್ದವು. ಆಕೆ ೧೬ ಎಂದು ಬರೆದಳು. ಆ ವಾರದ ಗುರಿ ಹದಿನೆಂಟು, ಇಪ್ಪತ್ತೈದಲ್ಲ, ನಲವತ್ತಲ್ಲ. ಹದಿನೆಂಟಾದ ದಿನ ಆಕೆಯ ಮುಖದಲ್ಲಿ ಕಂಡ ಗೆಲುವನ್ನು ನನ್ನ ‘ರಾಜ್ಯ ತಂಡ’ ಒಂದು ದಿನವೂ ತಂದಿರಲಿಲ್ಲ. “ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ” ಎಂಬ ಗಾದೆಯನ್ನು ಎಷ್ಟೋ ಪರೀಕ್ಷೆಗಳಿಗೆ ಪ್ರಬಂಧದ ವಿಷಯವಾಗಿ ಕೊಟ್ಟಿದ್ದೇನೆ. ಅದು ಮೈವೆತ್ತದ್ದನ್ನು ನೋಡಿದ್ದು ಆ ಹಿತ್ತಲಿನಲ್ಲಿ.

ದಾರಿ ನೇರವಾಗಿತ್ತೆಂದು ತಿಳಿಯಬೇಡಿರಿ. ದೂರವನ್ನು ಮೂವತ್ತು ಅಡಿಗೆ ಏರಿಸಿದ ವಾರ ಲೆಕ್ಕವು ಇಪ್ಪತ್ತೆಂಟರಿಂದ ಹನ್ನೆರಡಕ್ಕೆ ಕುಸಿಯಿತು. ಹುಡುಗಿ ಪಟ್ಟಿಯನ್ನು ಮಡಿಚಿಟ್ಟು ಮೂರು ದಿನ ಹಿತ್ತಲಿಗೆ ಹೋಗಲಿಲ್ಲ. ದೂರ ಬದಲಾದರೆ ಲೆಕ್ಕವೂ ಹೊಸದಾಗಿ ಆರಂಭವಾಗಬೇಕೆಂಬುದನ್ನು ಶಿಕ್ಷಕರೇ ಬಂದು ತಿಳಿಸಿ ಹೇಳಬೇಕಾಯಿತು. ಇನ್ನೊಮ್ಮೆ ಭುಜದಲ್ಲಿ ನೋವು ಕಾಣಿಸಿಕೊಂಡಿತು. ಕೆಳಗಿನಿಂದ ಎಸೆಯುವುದು ಸಹಜವಾದ ಚಲನೆ, ಅದರಿಂದ ಭುಜಕ್ಕೆ ಅಪಾಯವಿಲ್ಲವೆಂದು ಆಟಗಾರರಲ್ಲಿಯೇ ಒಂದು ನಂಬಿಕೆಯಿತ್ತು. ಅದು ಸರಿಯಲ್ಲವೆಂದು ವೈದ್ಯರ ಅಧ್ಯಯನಗಳು ತೋರಿಸಿವೆ. ಬೆಳೆಯುವ ಮಕ್ಕಳಲ್ಲಿ ನೋವೆಂಬುದು ಮೈ ಬರೆದು ಕಳಿಸುವ ಕಾಗದ. ಅದನ್ನು ಓದದೆ ಹರಿದು ಹಾಕಬಾರದು. ಎರಡು ವಾರ ವಿಶ್ರಾಂತಿಯಾಯಿತು. ಆ ಎರಡು ವಾರಗಳ ಚೌಕಗಳಲ್ಲಿ ಆಕೆ ‘ವಿಶ್ರಾಂತಿ’ ಎಂದು ಅಚ್ಚುಕಟ್ಟಾಗಿ ಬರೆದಳು. ಅದೂ ಒಂದು ಗುರಿಯೇ ಎಂಬಂತೆ.

ಎಲ್ಲಕ್ಕಿಂತ ದೊಡ್ಡ ತೊಡಕು ಅಕ್ಕನದು. “ಮುಂದಿನ ವರ್ಷ ಹತ್ತನೇತ್ತ. ಚೆಂಡು ಒಗದರ ಮಾರ್ಕ್ಸ್ ಬರ್ತಾವೇನು?” ಆಕೆಯ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ನಮ್ಮಂಥ ಮನೆಗಳಲ್ಲಿ ಹೆಣ್ಣುಮಗುವಿನ ವಿದ್ಯೆಯೇ ಅವಳ ಆಸ್ತಿ. ಕಡೆಗೆ ಒಂದು ಒಪ್ಪಂದವಾಯಿತು: ಅದೇ ಪಟ್ಟಿಯಲ್ಲಿ ಇನ್ನೊಂದು ಸಾಲು, ಗಣಿತಕ್ಕೆ. ದಿನಕ್ಕೆ ಐದು ಲೆಕ್ಕ. ಎಷ್ಟು ಸರಿ, ಎಷ್ಟು ತಪ್ಪು ಎಂಬುದನ್ನು ಅಂದಂದೇ ಬರೆಯಬೇಕು. ಒಂದು ಸಾಲು ಖಾಲಿ ಬಿದ್ದರೆ ಇನ್ನೊಂದಕ್ಕೂ ರಜೆ. ಗಣಿತದಲ್ಲಿ ಆಕೆ ಪ್ರಚಂಡಳಾದಳೆಂದು ನಾನು ಹೇಳುವುದಿಲ್ಲ. ಗಣಿತದ ಭಯ ಮಾತ್ರ ಹೋಯಿತು. ಹೋದ ಭಯವು ಬಂದ ಅಂಕಕ್ಕಿಂತ ಕಡಿಮೆಯದೇನಲ್ಲ.

ಈ ದಿನಗಳಲ್ಲಿ ನಾನು ಹುಡುಗಿಗೆ ಎರಡು ನಿಜವಾದ ಕಥೆಗಳನ್ನು ಹೇಳಿದೆ. ಒಂದು ನಮ್ಮ ಪಕ್ಕದ ವಿಜಯಪುರದ್ದು. ರಾಜೇಶ್ವರಿ ಗಾಯಕವಾಡ ಆ ಊರಿನ ಹುಡುಗಿ, ಎಡಗೈ ಸ್ಪಿನ್ ಬೌಲರ್. ೨೦೧೭ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ವಿಶ್ವಕಪ್ ಕ್ರಿಕೆಟ್ಟಿನಲ್ಲಿ ಭಾರತ ತಂಡದಲ್ಲಿದ್ದರೂ ಪಂದ್ಯದ ಮೇಲೆ ಪಂದ್ಯ ಕಳೆದರೂ ಆಕೆಗೆ ಆಡುವ ಅವಕಾಶ ಬರಲಿಲ್ಲ. ಆಡುವ ಹನ್ನೊಂದು ಮಂದಿಯನ್ನು ಆರಿಸುವುದು ಆಕೆಯ ಕೈಯಲ್ಲಿರಲಿಲ್ಲವಷ್ಟೆ. ಜುಲೈ ೧೫ರಂದು ಡರ್ಬಿಯಲ್ಲಿ ನ್ಯೂಜಿಲೆಂಡಿನ ಎದುರು, ಸೋತರೆ ಹೊರಬೀಳುವಂಥ ಪಂದ್ಯದಲ್ಲಿ, ಆಕೆಯ ಹೆಸರು ಬಂದಿತು. ಆ ದಿನ ೧೫ ಓಟಗಳಿಗೆ ಐದು ವಿಕೆಟ್ಟುಗಳು! ನ್ಯೂಜಿಲೆಂಡ್ ೭೯ಕ್ಕೆ ಮುಗಿಯಿತು. ಭಾರತ ಉಪಾಂತ್ಯಕ್ಕೆ ಏರಿತು. ಅವಕಾಶ ಬರುವ ದಿನವನ್ನು ಆಕೆ ನಿರ್ಣಯಿಸಲಾರಳು. ಬಂದ ದಿನ ಬೆರಳುಗಳು ಸಿದ್ಧವಾಗಿರುವಂತೆ ನೋಡಿಕೊಳ್ಳಬಲ್ಲಳು. ನೋಡಿಕೊಂಡಿದ್ದಳು.

ಇನ್ನೊಂದು ಕಥೆ ಸಾಫ್ಟ್‌ಬಾಲಿನದೇ. ಜಪಾನಿನ ಯುಕಿಕೊ ಉಯೆನೊ ಈ ಆಟದ ಜಗತ್ಪ್ರಸಿದ್ಧ ಎಸೆತಗಾರ್ತಿ. ೨೦೦೮ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಒಂದೇ ದಿನ ಎರಡು ಪಂದ್ಯಗಳನ್ನು ಎಸೆದು, ಮರುದಿನ ಅಂತಿಮ ಪಂದ್ಯದಲ್ಲಿಯೂ ತಾನೇ ಎಸೆದು, ಅದುವರೆಗಿನ ಮೂರು ಒಲಿಂಪಿಕ್ಸ್‌ಗಳಲ್ಲಿಯೂ ಚಿನ್ನ ಗೆದ್ದಿದ್ದ ಅಮೆರಿಕವನ್ನು ೩-೧ರಿಂದ ಸೋಲಿಸಿದಳು. ಎರಡು ದಿನಗಳಲ್ಲಿ ೪೧೩ ಎಸೆತಗಳು! (ನಮ್ಮ ಮಕ್ಕಳು ಈ ಸಂಖ್ಯೆಯನ್ನು ಕೇಳಿ ಬೆರಗಾಗಲಿ, ಅನುಕರಿಸುವುದು ಮಾತ್ರ ಬೇಡ.) ಅದಾದ ಮೇಲೆ ಏನಾಯಿತು? ಒಲಿಂಪಿಕ್ಸಿನಿಂದ ಆ ಆಟವನ್ನೇ ತೆಗೆದುಹಾಕಿದರು. ೨೦೧೨ರಲ್ಲಿ ಇಲ್ಲ, ೨೦೧೬ರಲ್ಲಿ ಇಲ್ಲ. ಮುಟ್ಟಬೇಕಾದ ಶಿಖರವನ್ನೇ ಯಾರೋ ಕಿತ್ತುಕೊಂಡು ಹೋದರೆ ಪರ್ವತಾರೋಹಿ ಏನು ಮಾಡಬೇಕು? ಉಯೆನೊ ಎಸೆಯುವುದನ್ನು ಬಿಡಲಿಲ್ಲ. ಟೋಕಿಯೋ ಒಲಿಂಪಿಕ್ಸಿಗಾಗಿ ಆಟ ಮರಳಿ ಬಂದಿತು. ೨೦೨೧ರ ಜುಲೈ ೨೭ರಂದು ಯೊಕೊಹಾಮಾದಲ್ಲಿ ಜಪಾನ್ ಮತ್ತೆ ಅಮೆರಿಕವನ್ನು ೨-೦ಯಿಂದ ಸೋಲಿಸಿ ಚಿನ್ನ ಗೆದ್ದಾಗ ಎಸೆತಗಾರ್ತಿಯರ ಸ್ಥಾನದಲ್ಲಿದ್ದವಳು ಅದೇ ಉಯೆನೊ, ವಯಸ್ಸು ಮೂವತ್ತೊಂಬತ್ತು. ನಡುವಿನ ಹದಿಮೂರು ವರ್ಷಗಳಲ್ಲಿ ಒಲಿಂಪಿಕ್ಸ್ ಇರಲಿಲ್ಲ. ಚೆಂಡು ಇತ್ತು, ಹದಿನೇಳು ಅಂಗುಲದ ಕಿಟಕಿ ಇತ್ತು.

ಈ ವರ್ಷ ಮತ್ತೆ ಹುಕ್ಕೇರಿ. ಈ ಸಲ ನಾನು ಕರದಂಟನ್ನು ಒಯ್ಯಲಿಲ್ಲ, ಕೂಗಲೂ ಇಲ್ಲ. ಅಂಗಳದ ಒಂದು ಮೂಲೆಯಲ್ಲಿ, ಆಕೆಗೆ ಕಾಣದಂತೆ, ಬೇವಿನ ಮರದ ಮರೆಯಲ್ಲಿ ನಿಂತೆ. ಪಂದ್ಯಕ್ಕೆ ಮುಂಚಿನ ವಾರ ನಲವತ್ತು ಅಡಿಯಿಂದ ಐವತ್ತರಲ್ಲಿ ಮೂವತ್ತಮೂರು ಚೆಂಡುಗಳು ಕಿಟಕಿಗೆ ಬಿದ್ದಿದ್ದವು. ಆಕೆ ಪ್ರತಿ ಎಸೆತಕ್ಕೂ ಮುನ್ನ ಒಮ್ಮೆ ಉಸಿರನ್ನು ಪೂರ್ತಿ ಬಿಟ್ಟು, ಕ್ಯಾಚರಳ ಕೈಚೀಲವನ್ನೊಂದೇ ನೋಡಿ, ಕೈ ತಿರುಗಿಸುತ್ತಿದ್ದಳು. ಒಳ್ಳೆಯ ಎಸೆತವಾಗಲಿ, ಕೆಟ್ಟ ಎಸೆತವಾಗಲಿ, ಮುಂದಿನದಕ್ಕೆ ಮತ್ತೆ ಅದೇ ಉಸಿರು. ಏಳು ಸರದಿಗಳೂ ಮುಗಿಯುವವರೆಗೆ ಅವಳೇ ಎಸೆದಳು. ಪಂದ್ಯ ಒಂದು ಓಟದಿಂದ ಕೈಬಿಟ್ಟುಹೋಯಿತು. ಎದುರು ತಂಡದ ಎಸೆತಗಾರ್ತಿ ಇವಳಿಗಿಂತ ಎತ್ತರದ, ಇವಳಿಗಿಂತ ವೇಗದ ಹುಡುಗಿ. ಮುಂದಿನ ಹಂತಕ್ಕೆ ಆರಿಸಿದ್ದು ಅವಳನ್ನು. ಆಯ್ಕೆ ಸರಿಯಾಗಿಯೇ ಇತ್ತೆಂದು ನಾನು ಒಪ್ಪಬೇಕು. ಕುಣಿಯಲಾರದವಳು ನೆಲ ಡೊಂಕೆಂದಂತೆ ಮಾತನಾಡಬಾರದು.

ಬಸ್ಸಿನಲ್ಲಿ ಈ ಸಲವೂ ಆಕೆ ಕಿಟಕಿಯ ಬದಿಗೇ ಕುಳಿತಳು. ಕಣ್ಣು ಸ್ವಲ್ಪ ಒದ್ದೆಯಾಗಿತ್ತು, ಆಗಬೇಕಾದದ್ದೇ. ಸೋಲು ನೋಯಿಸದಿದ್ದರೆ ಆಟಕ್ಕೆ ಅರ್ಥವಿಲ್ಲ. ಘಟಪ್ರಭಾ ಬರುವ ಮೊದಲೇ ಚೀಲದಿಂದ ಪಟ್ಟಿಯನ್ನು ತೆಗೆದು ಏನನ್ನೋ ಬರೆದು, ನನ್ನ ಕಡೆಗೆ ಚಾಚಿದಳು. “ಮಾಮಾ, ಹ್ವಾದ ವರ್ಷ ಎರಡು ಸರದ್ಯಾಗ ಒಂಬತ್ತು ಮಂದಿ. ಈ ವರ್ಷ ಏಳು ಸರದ್ಯಾಗ ಎರಡ.”

ಎರಡು! ಸೋತ ಪಂದ್ಯದ ಅಂಕಪಟ್ಟಿಯಲ್ಲಿ ಆ ಸಂಖ್ಯೆಯನ್ನು ಯಾರೂ ಓದುವುದಿಲ್ಲ. ಆದರೆ ಅದನ್ನು ಯಾವ ಆಯ್ಕೆಗಾರನೂ ಅವಳಿಂದ ಕಿತ್ತುಕೊಳ್ಳಲಾರನು. ಮನೆಗೆ ಬಂದ ಮೇಲೆ ಅಕ್ಕ ಏನನ್ನೂ ಕೇಳಲಿಲ್ಲ. ಪಟ್ಟಿಯನ್ನು ಕೈಗೆ ತೆಗೆದುಕೊಂಡು ಮೇಲಿನಿಂದ ಕೆಳಗಿನವರೆಗೆ ಓದಿ, ಮಡಿಚಿ, ದೇವರ ಕೋಣೆಯ ಮಾಡದಲ್ಲಿಟ್ಟಳು. ಮರುದಿನ ತಾನೇ ಹಳೆಯ ಗೋಣಿಚೀಲದ ಹರಿದ ಮೂಲೆಗೆ ತೇಪೆ ಹಾಕಿದಳು.

ತಂದೆತಾಯಿಗಳಿಗೂ, ನನ್ನಂಥ ಉಪದೇಶಕರಿಗೂ ಹೇಳಬಹುದಾದದ್ದು ಇಷ್ಟು. ಮಕ್ಕಳಿಗೆ ದೊಡ್ಡ ಆಸೆಗಳಿರಲಿ. ಅವು ಮಕ್ಕಳವೇ ಆಗಿರಲಿ, ನಮ್ಮವಾಗುವುದು ಬೇಡ. ಆಸೆಯನ್ನು ಅವರು ಎದೆಯಲ್ಲಿಟ್ಟುಕೊಳ್ಳಲಿ. ಗೋಡೆಯ ಮೇಲೆ ಮಾತ್ರ ಇಂದು ಸಂಜೆಯೊಳಗೆ ಎಣಿಸಿ ನೋಡಬಹುದಾದಂಥ ಒಂದು ಚಿಕ್ಕ ಕಿಟಕಿಯನ್ನು ಬರೆಯಲಿ. ಎಣಿಕೆ ಅವರದೇ ಕೈಯಲ್ಲಿರಲಿ. ಕಡಿಮೆ ಬಂದ ದಿನದ ಲೆಕ್ಕವನ್ನೂ ಅಳಿಸದೆ ಉಳಿಸಿಕೊಳ್ಳಲಿ. ಪಂದ್ಯದ ದಿನ ನಾವು ಬೇವಿನ ಮರದ ಮರೆಯಲ್ಲಿ ನಿಲ್ಲುವುದನ್ನು ಕಲಿಯೋಣ.

ಕಡೆಯದಾಗಿ ಉಳಿದ ತಪ್ಪೊಪ್ಪಿಗೆ. ಈ ಸೀಮೆಯ ಗಾದೆಗಳನ್ನು ಕುರಿತು ಪ್ರಬಂಧ ಬರೆದು ಡಾಕ್ಟರೇಟ್ ಪಡೆಯಬೇಕೆಂದು ನಾನು ಹೆಸರು ನೋಂದಾಯಿಸಿ ಆರು ವರ್ಷಗಳಾದವು. ನನ್ನ ಮೇಜಿನ ಎದುರಿಗೂ ಒಂದು ಕಾಗದ ಅಂಟಿಕೊಂಡಿದೆ. ಅದರ ಮೇಲೆ ನನ್ನ ಹೆಸರಿನ ಹಿಂದೆ ‘ಡಾ.’ ಎಂದು ಬರೆದಿದ್ದೇನೆ. ಅದನ್ನು ದಿನವೂ ನೋಡುತ್ತೇನೆ. ಆರು ವರ್ಷಗಳಲ್ಲಿ ಮುಗಿದಿರುವುದು ಒಂದೂವರೆ ಅಧ್ಯಾಯ. ಹುಕ್ಕೇರಿಯಿಂದ ಬಂದ ರಾತ್ರಿ ಆ ಕಾಗದವನ್ನು ಕಿತ್ತು ಹಿಂಬದಿಗೆ ಗೆರೆ ಹಾಕಿದೆ. ದಿನಕ್ಕೆ ಐದು ಗಾದೆಗಳು: ಅರ್ಥ, ಪ್ರಯೋಗ, ಕೇಳಿದ ಊರು. ಅಷ್ಟೇ ಗುರಿ.

ನಿನ್ನೆ ನಾಲ್ಕು ಆದವು. ಅದನ್ನೇ ಬರೆದಿದ್ದೇನೆ.